ಅಡಿಕೆ ತೋಟಕ್ಕೆ ಹಳೆಯ ಮಿನಿ ಟ್ರ್ಯಾಕ್ಟರ್: ಕೊಳ್ಳುವ ಮೊದಲು ಏನು ನೋಡಬೇಕು, ರಿಪೇರಿ ಎಲ್ಲಿಂದ ಶುರು ಮಾಡಬೇಕು?

ಚನ್ನಗಿರಿ ತೋಟಗಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಮೂರು ಎಕರೆ ಅಡಿಕೆ ತೋಟ. ಒಂಬತ್ತಡಿಗೆ ಒಂಬತ್ತಡಿ ಅಂತರ, ಹದಿನಾಲ್ಕು ವರ್ಷದ ಮರಗಳು. ಕಳೆ ಕೆಲಸಕ್ಕೂ ಗೊಬ್ಬರ ಸಾಗಿಸುವುದಕ್ಕೂ ಇಷ್ಟು ದಿನ ಪವರ್ ಟಿಲ್ಲರ್ ಇತ್ತು, ಅದನ್ನು ನಡೆಸುತ್ತಿದ್ದವರು ಅಪ್ಪಾಜಿ. ಅವರಿಗೆ ಈಗ ಅರವತ್ತೇಳು. ಟಿಲ್ಲರ್ ಹಿಡಿದು ನಾಲ್ಕು ಸಾಲು ಹೋಗಿ ಬಂದರೆ ರಾತ್ರಿಯೆಲ್ಲ ಕೈ ಜೋಮು ಹಿಡಿಯುತ್ತದೆ ಎನ್ನುತ್ತಾರೆ. ಕೂತು ನಡೆಸುವ ಗಾಡಿ ತರಬೇಕೆಂಬ ಮನಸ್ಸಿದೆ, ಆದರೆ ಹೊಸದನ್ನು ಕೊಳ್ಳುವ ಶಕ್ತಿ ಸದ್ಯಕ್ಕಿಲ್ಲ.

ಹೊಳಲ್ಕೆರೆ ಕಡೆ ಒಬ್ಬರ ಹತ್ತಿರ 2008ರ ಮಿತ್ಸುಬಿಷಿ ಶಕ್ತಿ ಎಂಟಿ 180ಡಿ ಇದೆ. ಮೂರು ಸಿಲಿಂಡರ್, ಹದಿನೆಂಟೂವರೆ ಎಚ್‌ಪಿ, ನಾಲ್ಕು ಚಕ್ರಕ್ಕೂ ಡ್ರೈವ್ ಇರುವ ಗಾಡಿ. ಅವರ ತಂದೆ ತೀರಿಕೊಂಡ ಮೇಲೆ ಎರಡು ವರ್ಷದಿಂದ ಶೆಡ್ಡಿನಲ್ಲೇ ನಿಂತಿದೆ. ಮಣ್ಣು ತಿರುವುವ ರೋಟವೇಟರ್ ಸೇರಿ 1,40,000 ರೂಪಾಯಿ ಹೇಳುತ್ತಿದ್ದಾರೆ. ಕಳೆದ ಭಾನುವಾರ ನಾನು ಹೋದಾಗ ಅವರು ಮೊದಲೇ ಒಂದು ಸಲ ಚಾಲೂ ಮಾಡಿಟ್ಟಿದ್ದರು. ನನ್ನೆದುರಿಗೆ ಮತ್ತೆ ಸೆಲ್ಫ್ ಹೊಡೆದಾಗ ಮೂರನೆಯ ಸಲಕ್ಕೆ ಹತ್ತಿತು, ಮೊದಲು ಬಿಳಿ ಹೊಗೆ ಬಂದು ಆಮೇಲೆ ಸ್ವಲ್ಪ ನೀಲಿಯಾಗಿ ಉಳಿಯಿತು. ಮುಂದಿನ ಬಲಗಡೆ ಚಕ್ರದ ಒಳಮೈಯಲ್ಲಿ ಆಯಿಲ್ ಜಿನುಗಿ ಮಣ್ಣು ಮೆತ್ತಿಕೊಂಡಿದೆ. ಹಿಂದಿನ ಟಯರುಗಳ ಪಕ್ಕೆ ಬಿರಿದಿದೆ. ಎಷ್ಟು ಗಂಟೆ ಓಡಿದೆಯೆಂದು ತೋರಿಸುವ ಅವರ್ ಮೀಟರ್ ಓಡುತ್ತಿಲ್ಲ. ಮಡ್‌ಗಾರ್ಡಿನ ಕೆಳ ಅಂಚು ತುಕ್ಕು ಹಿಡಿದು ಕೈಯಲ್ಲಿ ಮುರಿಯುವಂತಿದೆ. ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇದ್ದು, ಅದರಲ್ಲಿ ಸಾಲ ಕೊಟ್ಟ ಸಂಘದ ನಮೂದೂ ಇದೆ.

ಇಂಥ ಗಾಡಿಯನ್ನು ತಂದು ರಿಪೇರಿ ಮಾಡಿಸಿಕೊಳ್ಳುವುದು ಜಾಣತನವೇ? ತರುವುದಾದರೆ ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು? ಅನುಭವ ಇರುವವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಗ್ಯಾರೇಜು ಮೇಸ್ತ್ರಿ, ಶಿವಮೊಗ್ಗ

ನಮಸ್ಕಾರ. ಇಪ್ಪತ್ತೆರಡು ವರ್ಷದಿಂದ ಟಿಲ್ಲರ್ ಮತ್ತು ಸಣ್ಣ ಟ್ರ್ಯಾಕ್ಟರುಗಳ ಕೆಲಸವನ್ನೇ ಮಾಡುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀವು ಹೋಗುವ ಮೊದಲೇ ಅವರು ಎಂಜಿನ್ ಚಾಲೂ ಮಾಡಿಟ್ಟಿದ್ದರು ಎಂಬ ಮಾತನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಮೋಸ ಮಾಡುವ ಉದ್ದೇಶವೇ ಇರಬೇಕೆಂದೇನಿಲ್ಲ, ಬಂದವರನ್ನು ಕಾಯಿಸಬಾರದೆಂದೂ ಹಾಗೆ ಮಾಡುವವರಿದ್ದಾರೆ. ಆದರೆ ಹಳೆಯ ಡೀಸೆಲ್ ಎಂಜಿನ್ ತನ್ನ ನಿಜವಾದ ಸ್ಥಿತಿಯನ್ನು ತೋರಿಸುವುದು ರಾತ್ರಿಯಿಡೀ ತಣ್ಣಗಿದ್ದು ಬೆಳಿಗ್ಗೆ ಮೊದಲ ಸಲ ಚಾಲೂ ಆಗುವ ಆ ಒಂದು ನಿಮಿಷದಲ್ಲಿ ಮಾತ್ರ. ಮುಂದಿನ ಸಲ ಬೆಳಿಗ್ಗೆ ಏಳು ಗಂಟೆಗೇ, ಹೇಳದೆ ಹೋಗಿ. ಮೊದಲು ರೇಡಿಯೇಟರಿನ ಮೇಲೂ ಎಂಜಿನ್ನಿನ ಪಕ್ಕಕ್ಕೂ ಅಂಗೈ ಇಟ್ಟು ತಣ್ಣಗಿದೆಯೆಂದು ಖಚಿತ ಮಾಡಿಕೊಂಡು, ಆಮೇಲೆ ನೀವೇ ಎಂಜಿನ್ನಿನ ಒಳಗನ್ನು ಮೊದಲು ಬಿಸಿ ಮಾಡುವ ಹೀಟರನ್ನು ಸ್ವಲ್ಪ ಹೊತ್ತು ಹಿಡಿದು ಸೆಲ್ಫ್ ಹೊಡೆಯಿರಿ.

ತಣ್ಣನೆಯ ಎಂಜಿನ್ನಿನಲ್ಲಿ ಬಿಳಿ ಹೊಗೆ ಬಂದು ಎರಡು ಮೂರು ನಿಮಿಷದಲ್ಲಿ ಹೋದರೆ ಹೆದರುವ ಅಗತ್ಯವಿಲ್ಲ. ಅದು ಉರಿಯದೆ ಉಳಿದ ಡೀಸೆಲ್. ಮೂರು ಹೀಟರ್ ಪ್ಲಗ್ಗುಗಳಲ್ಲಿ ಒಂದು ಸತ್ತಿದ್ದರೂ ಹೀಗಾಗುತ್ತದೆ. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿ ಒಂದೊಂದನ್ನೇ ಮೀಟರಿನಲ್ಲಿ ನೋಡಿದರೆ ಯಾವುದು ಹೋಗಿದೆಯೆಂದು ಅಲ್ಲೇ ಗೊತ್ತಾಗುತ್ತದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ರೇಡಿಯೇಟರಿನಲ್ಲಿ ನೀರು ಕಡಿಮೆಯಾಗುತ್ತಿದ್ದರೆ ಎಂಜಿನ್ನಿನ ತಲೆಭಾಗವಾದ ಹೆಡ್ಡಿನ ಗ್ಯಾಸ್ಕೆಟ್ ಅಥವಾ ಹೆಡ್ಡಿನ ಬಿರುಕನ್ನು ಅನುಮಾನಿಸಬೇಕು. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಅಂಥ ಗಾಡಿಯ ಬೆಲೆಯನ್ನು ಎಂಜಿನ್ ಇಲ್ಲದ ಗಾಡಿಯ ಬೆಲೆಯಂತೆ ಲೆಕ್ಕ ಹಾಕಿ.

ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದರ ಗುರುತು. ಚಾಲೂ ಮಾಡಿದ ಕೂಡಲೇ ಒಂದು ಸಲ ನೀಲಿಯಾಗಿ ಬಂದು ನಿಂತರೆ ವಾಲ್ವ್ ಗೈಡ್ ಸವೆದಿರಬಹುದು. ಬಿಸಿಯಾದ ಮೇಲೆ, ರೋಟವೇಟರ್ ಮಣ್ಣಿಗಿಳಿದು ಭಾರ ಬಿದ್ದಾಗ ನೀಲಿ ಹೊಗೆ ಹೆಚ್ಚಿದರೆ ಪಿಸ್ಟನ್ನಿನ ರಿಂಗು ಮತ್ತು ಸಿಲಿಂಡರಿನ ಒಳಮೈಯಾದ ಬೋರ್ ಸವೆದಿವೆ. ಬಿಸಿ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ, ತಿರುಗಿಸಿ ಅದರ ಬಾಯಿಯ ಮೇಲೆಯೇ ಸಡಿಲವಾಗಿ ಇಡಿ. ಮುಚ್ಚಳ ಅಲ್ಲೇ ಸಣ್ಣಗೆ ಅಲುಗುತ್ತಾ ಕೂತಿದ್ದರೆ ಒಳ್ಳೆಯದು. ಡಬ್ ಡಬ್ ಎಂದು ಹೊಗೆ ಒತ್ತಿ ಮುಚ್ಚಳ ಹಾರಿ ಬಿದ್ದರೆ, ಉರಿದ ಗಾಳಿ ಪಿಸ್ಟನ್ ದಾಟಿ ಕೆಳಗಿಳಿಯುತ್ತಿದೆಯೆಂದು ತಿಳಿಯಬೇಕು. ಗ್ಯಾರೇಜಿಗೆ ಬರುವ ಪ್ರತಿ ಹಳೆಯ ಗಾಡಿಗೂ ನಾನು ಮೊದಲು ಮಾಡುವುದು ಇದನ್ನೇ.

ಕ್ಲಚ್ ನೋಡಲು ದೊಡ್ಡ ಗೇರಿನಲ್ಲಿ ಬ್ರೇಕ್ ಒತ್ತಿ ಹಿಡಿದು ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ಮುಗ್ಗರಿಸಿ ಆಫ್ ಆಗಬೇಕು. ಆಗದೆ ತಿರುಗುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಪ್ಲೇಟ್ ಬದಲಿಸುವುದೆಂದರೆ ಗಾಡಿಯನ್ನು ನಡುವೆ ಎರಡು ಭಾಗ ಮಾಡುವುದು. ಬಿಡಿಭಾಗಕ್ಕಿಂತ ಮಜೂರಿಯೇ ಹೆಚ್ಚಾಗುವುದರಿಂದ, ಒಮ್ಮೆ ಬಿಚ್ಚಿದ ಮೇಲೆ ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಎಲ್ಲವನ್ನೂ ಒಟ್ಟಿಗೆ ಹಾಕಿಸಬೇಕು. ಸೀಲಿಗೆ ಇನ್ನೂರು ಮುನ್ನೂರು ಉಳಿಸಲು ಹೋಗಿ ಆರು ತಿಂಗಳಿಗೆ ಮತ್ತೆ ಗಾಡಿ ಬಿಚ್ಚಿಸಿದವರನ್ನು ಎಷ್ಟೋ ಸಲ ನೋಡಿದ್ದೇನೆ.

ಮುಂದಿನ ಚಕ್ರದ ಆಯಿಲ್ ಸೋರಿಕೆ ಅಡಿಕೆ ತೋಟದ ಗಾಡಿಗಳಿಗೆ ಸಾಮಾನ್ಯ. ಅಡಿಕೆ ಹಾಳೆಯ ನಾರು ಆಕ್ಸಲಿಗೆ ಸುತ್ತಿಕೊಂಡು ಸೀಲಿನ ತುಟಿಯನ್ನು ಕೊಯ್ಯುತ್ತದೆ. ಸೀಲ್ ಬದಲಿಸಿದರೆ ಮುಗಿಯುವ ಕೆಲಸವೇ, ಆದರೆ ಎಷ್ಟು ದಿನದಿಂದ ಆಯಿಲ್ ಇಲ್ಲದೆ ಓಡಿದೆ ಎಂಬುದು ಮುಖ್ಯ. ಚಕ್ರದ ಹತ್ತಿರದ ಡ್ರೈನ್ ಬೋಲ್ಟನ್ನು ಬಿಚ್ಚಿ ಎರಡು ಚಮಚದಷ್ಟು ಆಯಿಲನ್ನು ಬಿಳಿ ಕಾಗದದ ಮೇಲೆ ಬೀಳಿಸಿ, ಬಿಸಿಲಿಗೆ ಹಿಡಿಯಿರಿ. ಕಪ್ಪಾಗಿದ್ದರೂ ನುಣ್ಣಗಿದ್ದರೆ ಸರಿ, ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗಿನ ಗೇರ್ ಸವೆಯುತ್ತಿದೆ. ಮುಂದಿನ ಗೇರ್ ಸೆಟ್ ಹೋಗಿದ್ದರೆ ಈ ವ್ಯಾಪಾರದ ಲೆಕ್ಕಾಚಾರವೇ ಬದಲಾಗುತ್ತದೆ.

ನಾಲ್ಕು ಟಯರುಗಳ ಸೈಜನ್ನೂ ಬರೆದುಕೊಂಡು, ಆ ಮಾಡೆಲ್ಲಿಗೆ ಕಂಪನಿ ಹೇಳಿದ ಸೈಜೇ ಹೌದೇ ಎಂದು ಡೀಲರ್ ಹತ್ತಿರ ಕೇಳಿ. ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಹಿಂದಿನ ಮತ್ತು ಮುಂದಿನ ಟಯರಿನ ಸುತ್ತಳತೆಗೆ ಗೇರಿನ ಲೆಕ್ಕದ ಜೊತೆ ಸಂಬಂಧವಿದೆ. ಸಿಕ್ಕಿದ ಸೈಜ್ ಹಾಕಿದರೆ ಮುಂದು ಹಿಂದು ಒಂದಕ್ಕೊಂದು ಜಗ್ಗಾಡಿ ಮುಂದಿನ ಗೇರನ್ನೇ ಮುರಿಯುತ್ತದೆ. ಡಾಂಬರು ರಸ್ತೆಯಲ್ಲಿ ನಾಲ್ಕು ಚಕ್ರದ ಲಿವರ್ ಹಾಕಿ ಓಡಿಸಬಾರದು ಎಂಬುದಕ್ಕೂ ಇದೇ ಕಾರಣ.

ಹೈಡ್ರಾಲಿಕ್ಕಿಗೆ ರೋಟವೇಟರನ್ನು ಪೂರ್ತಿ ಎತ್ತಿ, ಎಂಜಿನ್ ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು ನೋಡಿ. ಬೆರಳಷ್ಟು ಇಳಿದರೆ ಪರವಾಗಿಲ್ಲ. ಪೂರ್ತಿ ನೆಲಕ್ಕೆ ಬಂದರೆ ಸಿಲಿಂಡರಿನ ರಬ್ಬರ್ ರಿಂಗು ಅಥವಾ ಕಂಟ್ರೋಲ್ ವಾಲ್ವ್ ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಹದಿನೈದು ವರ್ಷ ದಾಟಿದ ಗಾಡಿಯನ್ನು ತಂದ ಮೇಲೆ ಎಂಜಿನ್ ಒಮ್ಮೆ ಬಿಚ್ಚಿಸಿಬಿಡುವುದೇ ಲೇಸು. ಅರ್ಧಂಬರ್ಧ ಕೆಲಸ ಕಡೆಗೆ ದುಬಾರಿಯಾಗುತ್ತದೆ.

ಬಾಳೆಹೊನ್ನೂರು ಕೃಷಿಕೆ

ನಾನು ಕಾಗದಪತ್ರದ ವಿಷಯ ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮ ತಂದೆಯವರು ಹೋದ ಮೇಲೆ ಅವರ ಟ್ರ್ಯಾಕ್ಟರನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಲು ನಾನೇ ಓಡಾಡಿದ್ದೇನೆ. ದಯವಿಟ್ಟು ಇದನ್ನು ರಿಪೇರಿಗಿಂತ ಮೊದಲು ನೋಡಿ.

ಆರ್‌ಸಿಯಲ್ಲಿರುವವರು ತೀರಿಕೊಂಡಿರುವಾಗ ಮಗ ನೇರವಾಗಿ ನಿಮಗೆ ಮಾರಲು ಬರುವುದಿಲ್ಲ. ಮೊದಲು ಗಾಡಿ ಅವರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಬೇಕಾಗುತ್ತದೆ. ಅಕ್ಕ ತಂಗಿಯರ ಸಹಿಯನ್ನು ಆಮೇಲೆ ಹಾಕಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ; ನಮ್ಮ ಮನೆಯಲ್ಲಿ ಆ ಒಂದು ಸಹಿಗೆ ನಾಲ್ಕು ತಿಂಗಳು ಹಿಡಿಯಿತು. ಸಾಲದ ನಮೂದು ತೆಗೆಯಲು ಸಂಘದವರು ಸಾಲ ತೀರಿದೆಯೆಂದು ಪತ್ರ ಕೊಟ್ಟು ಫಾರಂ 35ಕ್ಕೆ ಸಹಿ ಮಾಡಬೇಕು. ಅದಾದ ಮೇಲೆ ನಿಮಗೆ ವರ್ಗವಾಗಲು ಫಾರಂ 29 ಮತ್ತು 30. ಗಾಡಿ 2008ರದ್ದಾದರೆ ನೋಂದಣಿಯ ಹದಿನೈದು ವರ್ಷ 2023ಕ್ಕೇ ಮುಗಿದಿದೆ. ಫಾರಂ 25 ಕೊಟ್ಟು ಗಾಡಿಯನ್ನು ತೋರಿಸಿ ನವೀಕರಿಸಬೇಕು, ಅದು ಐದು ವರ್ಷಕ್ಕೆ ಬರುತ್ತದೆ. ಹೊಳಲ್ಕೆರೆ ಚಿತ್ರದುರ್ಗದ ಆರ್‌ಟಿಒಗೆ, ನಿಮ್ಮ ಊರು ದಾವಣಗೆರೆಯ ಆರ್‌ಟಿಒಗೆ ಸೇರುವುದರಿಂದ ಯಾವುದನ್ನು ಎಲ್ಲಿ ಮಾಡಿಸಬೇಕೆಂದು ಎರಡೂ ಕಡೆ ಹೋಗಿ ಕೇಳಿಕೊಂಡು ಬನ್ನಿ.

ತೋಟದೊಳಗೆ ಓಡಾಡುವ ಗಾಡಿಗೆ ಇದೆಲ್ಲ ಯಾಕೆ ಎಂದು ನಮ್ಮಲ್ಲಿ ಬಹಳ ಜನ ಕೇಳುತ್ತಾರೆ. ತೋಟಕ್ಕೂ ಮನೆಗೂ ನಡುವೆ ಊರ ರಸ್ತೆಯಿದೆ. ಗೊಬ್ಬರದ ಟ್ರೈಲರ್ ಎಳೆದುಕೊಂಡು ಬರುವಾಗ ಯಾರಿಗಾದರೂ ತಗುಲಿದರೆ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಾನೂನು ಮಾಲೀಕರೆಂದು ಹಿಡಿಯುತ್ತದೆ. ವಿಮೆ ಇಲ್ಲದಿದ್ದರೆ ಪರಿಹಾರವನ್ನು ಕೈಯಿಂದಲೇ ಕಟ್ಟಬೇಕು. ಕಡೇ ಪಕ್ಷ ಥರ್ಡ್ ಪಾರ್ಟಿ ವಿಮೆಯಿಲ್ಲದೆ ಗಾಡಿಯನ್ನು ರಸ್ತೆಗೆ ಇಳಿಸಬೇಡಿ.

ಇನ್ನೊಂದು ಮಾತು. ಚಾಸಿ ನಂಬರ್ ಮತ್ತು ಎಂಜಿನ್ ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್‌ಸಿಯ ಜೊತೆ ಅಕ್ಷರ ಅಕ್ಷರ ಹೋಲಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.

ಸಿದ್ದಾಪುರ ತೋಟ

ನಾನು ಮೂರು ವರ್ಷದ ಹಿಂದೆ ಇಂಥದೇ ಹದಿನಾರು ವರ್ಷದ ಸಣ್ಣ ಟ್ರ್ಯಾಕ್ಟರನ್ನು ತಂದು, ಹೆಚ್ಚಿನ ಕೆಲಸವನ್ನು ಮನೆಯ ಅಂಗಳದಲ್ಲೇ ಮಾಡಿಕೊಂಡೆ. ಮೇಸ್ತ್ರಿಯವರು ಹೇಳಿದ ಪರೀಕ್ಷೆಗಳೆಲ್ಲ ಸರಿಯಾಗಿಯೇ ಇವೆ. ಆದರೆ ಎಂಜಿನ್ ಬಿಚ್ಚಿಸಿಬಿಡಿ ಎಂಬ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ, ಅದಕ್ಕೆ ಕಾರಣ ನನ್ನ ಅನುಭವವೇ.

ನನ್ನ ಗಾಡಿಯ ಎಂಜಿನ್ ಚೆನ್ನಾಗಿಯೇ ಇತ್ತು. ಮುಚ್ಚಳದ ಪರೀಕ್ಷೆಯಲ್ಲಿ ಪಾಸಾಗಿತ್ತು, ಹೊಗೆ ಕಡಿಮೆ ಇತ್ತು. ಆದರೂ ಎಲ್ಲವೂ ಹೊಸದಾಗಿರಲಿ ಎಂಬ ಆಸೆಯಿಂದ ಹೆಡ್ ಇಳಿಸಿ ಒಂದು ಲೇತ್ ಅಂಗಡಿಗೆ ಕೊಟ್ಟೆ. ಅಲ್ಲಿ ಹೆಡ್ಡಿನ ಮೈಯನ್ನು ಅಗತ್ಯಕ್ಕಿಂತ ಹೆಚ್ಚು ತೇಯ್ದಿದ್ದರು. ಜೋಡಿಸಿದ ಮೇಲೆ ಎಂಜಿನ್ನಿನಲ್ಲಿ ಟಕ್ ಟಕ್ ಎಂಬ ಸದ್ದು ಬಂತು. ಬಿಚ್ಚಿ ನೋಡಿದರೆ ಒಂದು ಪಿಸ್ಟನ್ನಿನ ತಲೆಯ ಮೇಲೆ ವಾಲ್ವ್ ಮುಟ್ಟಿದ ಅರ್ಧ ಚಂದ್ರದ ಗುರುತು ಬಿದ್ದಿತ್ತು. ಹಳೆಯ ಹೆಡ್ ಹುಡುಕಿ ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹೋಗಿ ಬಂದೆ. ಆ ವರ್ಷದ ಬೇಸಿಗೆಯೆಲ್ಲ ಗಾಡಿ ಅಂಗಳದಲ್ಲೇ ನಿಂತಿತು. ಒಳ್ಳೆಯ ಕೆಲಸಗಾರರ ಕೈಯಲ್ಲಿ ಇದು ಆಗುತ್ತಿರಲಿಲ್ಲ ಎಂಬುದು ನಿಜ, ಆದರೆ ಅಂಥ ಕೈ ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಎಂಜಿನ್ ತಾನಾಗಿ ಲಕ್ಷಣ ತೋರಿಸದೆ ಅದನ್ನು ಬಿಚ್ಚಬೇಡಿ. ಒಂದು ಹಂಗಾಮು ಓಡಿಸಿ, ಆಯಿಲ್ ಎಷ್ಟು ಕುಡಿಯುತ್ತದೆಂದು ಬರೆದಿಟ್ಟು, ಆಮೇಲೆ ತೀರ್ಮಾನಿಸಿ.

ಎರಡು ವರ್ಷ ನಿಂತ ಗಾಡಿಯನ್ನು ತಂದ ಕೂಡಲೇ ಸೆಲ್ಫ್ ಹೊಡೆಯಬೇಡಿ. ಈಗಾಗಲೇ ಅವರು ಚಾಲೂ ಮಾಡಿದ್ದಾರೆ ನಿಜ, ಆದರೂ ಕೆಲಸಕ್ಕೆ ಹಾಕುವ ಮೊದಲು ಎಲ್ಲವನ್ನೂ ಹೊಸದಾಗಿ ಶುರು ಮಾಡಿ. ಟ್ಯಾಂಕಿನ ತಳದ ಡೀಸೆಲ್ಲನ್ನು ಬಾಟಲಿಗೆ ಇಳಿಸಿ ಒಂದು ಗಂಟೆ ಇಡಿ. ನನ್ನ ಬಾಟಲಿಯಲ್ಲಿ ಕೆಳಗೆ ಎರಡು ಬೆರಳು ನೀರು, ಅದರ ಮೇಲೆ ಕಪ್ಪು ಲೋಳೆಯ ಪದರ, ಅದರ ಮೇಲೆ ಡೀಸೆಲ್ ನಿಂತಿತ್ತು. ಆ ನೀರು ಡೀಸೆಲ್ ಪಂಪಿಗೆ ಮತ್ತು ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ನಾಝಲ್ಲಿಗೆ ಹೋದರೆ ಉಜ್ಜಿ ಮಾಡಿದ ನಯವಾದ ಭಾಗಗಳು ತುಕ್ಕು ಹಿಡಿಯುತ್ತವೆ. ಟ್ಯಾಂಕ್ ಇಳಿಸಿ ತೊಳೆದು, ಫಿಲ್ಟರ್ ಬದಲಿಸಿ, ಪೈಪಿನ ಬೋಲ್ಟುಗಳನ್ನು ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಗಾಳಿ ತೆಗೆಯಿರಿ. ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸಿದ ಮೇಲೆ, ಎಂಜಿನ್ ನಿಲ್ಲಿಸುವ ಲಿವರನ್ನು ಎಳೆದು ಹಿಡಿದು ಆಯಿಲ್ ದೀಪ ಆರುವವರೆಗೆ ಸ್ವಲ್ಪ ಸ್ವಲ್ಪವೇ ಸೆಲ್ಫ್ ತಿರುಗಿಸಿ. ಆಗ ಬೇರಿಂಗುಗಳಿಗೆ ಆಯಿಲ್ ತಲುಪಿದ ಮೇಲೆಯೇ ಎಂಜಿನ್ ಹತ್ತುತ್ತದೆ.

ಮೊದಲ ಸಲ ಚಾಲೂ ಮಾಡುವಾಗ ಪಕ್ಕದಲ್ಲಿ ಒಬ್ಬರನ್ನು ಅಂಗೈಗಿಂತ ದೊಡ್ಡದಾದ ಹಲಗೆ ತುಂಡು ಹಿಡಿದು ನಿಲ್ಲಿಸಿಕೊಳ್ಳಿ. ನಿಂತ ಪಂಪಿನೊಳಗಿನ ರಾಡ್ ಅಂಟಿಕೊಂಡಿದ್ದರೆ ಎಂಜಿನ್ ಹತ್ತಿದ್ದೇ ತಡ ಆಕ್ಸಲರೇಟರಿನ ಹಿಡಿತ ತಪ್ಪಿ ಓಡಲು ಶುರುವಾಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಆಗ ಏರ್ ಕ್ಲೀನರಿನಿಂದ ಗಾಳಿ ಹೋಗುವ ಬಾಯಿಗೆ ಹಲಗೆ ಒತ್ತಿದರೆ ನಿಲ್ಲುತ್ತದೆ. ಕೈಯನ್ನಾಗಲಿ ಬಟ್ಟೆಯನ್ನಾಗಲಿ ಯಾವ ಕಾರಣಕ್ಕೂ ಒಡ್ಡಬಾರದು.

ನೀರಿನ ವಿಷಯಕ್ಕೆ ಬಂದರೆ, ಬೋರ್‌ವೆಲ್ಲಿನ ಗಡಸು ನೀರು ಹಾಕಿ ಓಡಿಸಿದ ರೇಡಿಯೇಟರಿನ ಒಳಗೆ ಸುಣ್ಣದ ಪದರ ಕಟ್ಟಿರುತ್ತದೆ. ಅದನ್ನು ಬಿಚ್ಚಿ ತೊಳೆಸಿ, ಹೋಸುಗಳನ್ನು ಬದಲಿಸಿ, ಕೂಲೆಂಟ್ ಹಾಕಿ. ಬಿಸಿಯಾಗುತ್ತದೆಂದು ಹಿಂದಿನವರು ನೀರಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಎಸೆದಿದ್ದರೆ ಹೊಸದನ್ನು ಕೂರಿಸಿ. ಅದಿಲ್ಲದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯೇ ಆಗದೆ ಡೀಸೆಲ್ ಪೂರ್ತಿ ಉರಿಯದೆ ಹೊಗೆಯೂ ಸವೆತವೂ ಹೆಚ್ಚುತ್ತವೆ. ನಿಮ್ಮ ಬಿಳಿ ಹೊಗೆಗೆ ಇದೂ ಒಂದು ಕಾರಣವಾಗಿರಬಹುದು.

ಮಡ್‌ಗಾರ್ಡಿನ ತುಕ್ಕಿನ ಬಗ್ಗೆ ಬರೆದಿದ್ದೀರಿ. ಅಂಚಿನ ಒಳಮೈಯಲ್ಲಿ ನೀಲಿ ಹಸಿರು ಕಲೆ ಇದೆಯೇ ನೋಡಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ಈ ಗಾಡಿಯ ಮೇಲೇ ಕೂರಿಸಿದ್ದರೆ, ಮೈಲುತುತ್ತದ ನೀರು ಕಬ್ಬಿಣದ ಮೇಲೆ ಬಿದ್ದು ತಗಡನ್ನು ಒಳಗಿನಿಂದಲೇ ತಿಂದಿರುತ್ತದೆ. ನನ್ನ ಗಾಡಿಯಲ್ಲಿ ಬಣ್ಣ ನುಣ್ಣಗೆ ಕಾಣುತ್ತಿದ್ದ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದಾಗ ಅದು ಹಪ್ಪಳದಂತೆ ಒಳಗೆ ಹೋಯಿತು. ಅಂಥ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಸದೆ ಮೇಲೆ ಪುಟ್ಟಿ ಬಳಿದರೆ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ತೊಳೆಯುವಾಗ ಕಾಸ್ಟಿಕ್ ಸೋಡಾ ಬಳಸಿದರೆ ಅದು ಅಲ್ಯೂಮಿನಿಯಂ ಭಾಗಗಳಿಗೆ ತಾಗದಂತೆ ನೋಡಿಕೊಳ್ಳಿ, ಕಬ್ಬಿಣಕ್ಕೆ ಏನೂ ಮಾಡದ ಅದು ಅಲ್ಯೂಮಿನಿಯಮ್ಮನ್ನು ಕರಗಿಸುತ್ತದೆ. ರೆಡ್ ಆಕ್ಸೈಡ್ ಹೊಡೆದು ಒಣಗಿಸಿ ಆಮೇಲೆ ಬಣ್ಣ. ಚಾಸಿ ನಂಬರಿನ ಜಾಗವನ್ನು ಟೇಪಿನಿಂದ ಮುಚ್ಚಿಕೊಳ್ಳಿ, ಅಲ್ಲಿ ಗ್ರೈಂಡರ್ ಆಡಿಸಿದರೆ ಬಾಳೆಹೊನ್ನೂರಿನವರು ಹೇಳಿದ ಕಾಗದದ ಕೆಲಸವೆಲ್ಲ ನಿಂತುಹೋಗುತ್ತದೆ.

ಬಣ್ಣಕ್ಕೆ ಇಷ್ಟು ಬರೆದೆನಾದರೂ ಅದು ಕೊನೆಯ ಕೆಲಸ. ಬ್ರೇಕು, ಸ್ಟಿಯರಿಂಗಿನ ಬಾಲ್ ಜಾಯಿಂಟು, ಟಯರು, ವೈರಿಂಗು ಇವಿಷ್ಟು ಆಗುವವರೆಗೆ ಬಣ್ಣದ ಡಬ್ಬಿಯನ್ನು ತರಲೇಬೇಡಿ. ಎಂಜಿನ್ನಿನ ಶಕ್ತಿಯನ್ನು ರೋಟವೇಟರಿಗೆ ಕೊಡುವ ಪಿಟಿಒ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕೊಳವೆ ಇದೆಯೋ ಇಲ್ಲವೋ ನೋಡಿ. ಹಳೆಯ ಗಾಡಿಗಳಲ್ಲಿ ಅದು ಮುರಿದು ಹೋಗಿರುತ್ತದೆ, ಯಾರೂ ಮತ್ತೆ ಹಾಕಿಸುವುದಿಲ್ಲ. ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಬರಿಯ ಶಾಫ್ಟಿಗೆ ಪಂಚೆಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ನಿಮ್ಮ ತಂದೆಯವರು ನಡೆಸುವ ಗಾಡಿಯೆಂದು ಬರೆದಿದ್ದೀರಿ, ಅದಕ್ಕಾಗಿಯೇ ಒತ್ತಿ ಹೇಳುತ್ತಿದ್ದೇನೆ.

ಗ್ಯಾರೇಜು ಮೇಸ್ತ್ರಿ, ಶಿವಮೊಗ್ಗ

ಸಿದ್ದಾಪುರದವರ ಮಾತಿನಲ್ಲಿ ತೂಕವಿದೆ. ನಾನು ದಿನವೂ ನೋಡುವುದು ಕೆಟ್ಟು ಬಂದ ಗಾಡಿಗಳನ್ನೇ ಆದ್ದರಿಂದ ಬಿಚ್ಚುವ ಮಾತು ಮೊದಲು ಬರುತ್ತದೆ. ಮುಚ್ಚಳದ ಪರೀಕ್ಷೆಯಲ್ಲಿ ಸರಿಯಿದ್ದರೆ, ಭಾರ ಬಿದ್ದಾಗ ನೀಲಿ ಹೊಗೆ ಹೆಚ್ಚದಿದ್ದರೆ ಒಂದು ಹಂಗಾಮು ಕಾಯಿರಿ ಎಂಬುದನ್ನು ಒಪ್ಪುತ್ತೇನೆ. ಆದರೆ ನಾಝಲ್ಲುಗಳನ್ನು ಬಿಚ್ಚಿಸಿ ಪಂಪ್ ಅಂಗಡಿಯಲ್ಲಿ ಒತ್ತಡ ನೋಡಿಸುವುದನ್ನೂ, ವಾಲ್ವ್ ಗ್ಯಾಪ್ ಹಿಡಿಸುವುದನ್ನೂ ಬಿಡಬೇಡಿ. ಅವಕ್ಕೆ ಹೆಡ್ ಇಳಿಸುವ ಅಗತ್ಯವಿಲ್ಲ. ನಾಝಲ್ಲಿನಿಂದ ಡೀಸೆಲ್ ಮಂಜಿನಂತೆ ಬರಬೇಕು, ದಾರದಂತೆ ಬಂದರೆ ಪಿಸ್ಟನ್ನನ್ನು ಸುಡುತ್ತದೆ.

ತೀರ್ಥಹಳ್ಳಿ ಹಾದಿ

ಎಲ್ಲರೂ ಗಾಡಿಯ ಬಗ್ಗೆ ಹೇಳಿದ್ದಾರೆ, ನಾನು ತೋಟದ ಕಡೆಯಿಂದ ಎರಡು ಮಾತು ಹೇಳುತ್ತೇನೆ. ಅಡಿಕೆಯದು ಮೇಲುಮೇಲಿನ ನಾರುಬೇರು, ಹೆಚ್ಚಿನ ಬೇರುಗಳು ಮೇಲಿನ ಎರಡಡಿ ಮಣ್ಣಿನಲ್ಲೇ ಇರುತ್ತವೆ. ಹದಿನೆಂಟು ಎಚ್‌ಪಿಯ ಗಾಡಿಗೆ ರೋಟವೇಟರ್ ಕಟ್ಟಿ ವರ್ಷಕ್ಕೆ ಎರಡು ಸಲ ಆಳವಾಗಿ ತಿರುವಿದರೆ ಬೇರು ಕತ್ತರಿಸಿ ಮರ ಸೊರಗುತ್ತದೆ. ನಮ್ಮ ತೋಟದಲ್ಲಿ ಮೊದಲ ಎರಡು ವರ್ಷ ಈ ತಪ್ಪು ನಡೆದು, ರೋಟವೇಟರ್ ಓಡಿದ ಸಾಲಿನ ಮರಗಳ ಸೋಗೆ ಹಳದಿಯಾಯಿತು. ಈಗ ಕಳೆ ಕತ್ತರಿಸುವ ಯಂತ್ರವನ್ನೇ ಗಾಡಿಗೆ ಕಟ್ಟಿ, ಕತ್ತರಿಸಿದ್ದನ್ನು ಅಲ್ಲೇ ಬಿಡುತ್ತೇವೆ. ರೋಟವೇಟರ್ ಬೇಕೇ ಬೇಕಾದರೆ ಸಾಲಿನ ನಡುವೆ ಎರಡು ಮೂರು ಇಂಚು ಮಾತ್ರ, ಬುಡದಿಂದ ಮೂರಡಿ ದೂರ. ಡ್ರಿಪ್ ಪೈಪುಗಳನ್ನು ಮೊದಲೇ ಬುಡಕ್ಕೆ ಸರಿಸಿಕೊಳ್ಳಿ.

ಕೊಳ್ಳುವ ಮೊದಲು ಟೇಪು ಹಿಡಿದು ಗಾಡಿಯ ಅಗಲವನ್ನೂ ರೋಟವೇಟರಿನ ಅಗಲವನ್ನೂ ಅಳೆಯಿರಿ. ಒಂಬತ್ತಡಿ ಅಂತರವೆಂದರೆ ಮರದ ದಪ್ಪ, ಬಸಿಗಾಲುವೆ, ನಡುವೆ ನೆಟ್ಟ ಬಾಳೆ ಎಲ್ಲ ಕಳೆದು ಉಳಿಯುವ ದಾರಿ ಎಷ್ಟು ಎಂದು ನೋಡಬೇಕು. ಸಾಲಿನ ಕೊನೆಯಲ್ಲಿ ತಿರುಗಿಸಲು ಜಾಗವಿಲ್ಲದಿದ್ದರೆ ಗಾಡಿ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಸಾಧ್ಯವಾದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಸಣ್ಣ ಟ್ರ್ಯಾಕ್ಟರ್ ಇದೆಯೇ ಕೇಳಿ, ಒಂದು ದಿನ ಬಾಡಿಗೆಗೆ ತಂದು ನಿಮ್ಮದೇ ತೋಟದಲ್ಲಿ ಓಡಿಸಿ ನೋಡಿ.

ಚನ್ನಗಿರಿ ತೋಟಗಾರ

ಎಲ್ಲರಿಗೂ ಧನ್ಯವಾದಗಳು. ಐದು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ.

ಬಾಡಿಗೆಗೆ ಗಾಡಿ ಸಿಗಲಿಲ್ಲ. ತೋಟದಲ್ಲಿ ಮಾತ್ರ ಅಳೆದು ನೋಡಿದೆ. ಒಂದು ಅಂಚಿನಲ್ಲಿ ತಿರುಗಲು ಜಾಗವಾಗುವಂತೆ ನಾಲ್ಕು ಬಾಳೆಗಳನ್ನು ತೆಗೆದರೆ ಸಾಕೆಂದು ಗೊತ್ತಾಯಿತು. ಆಮೇಲೆ ಒಂದು ಬೆಳಿಗ್ಗೆ ಆರೂಮುಕ್ಕಾಲಿಗೆ ಅಪ್ಪಾಜಿಯನ್ನೂ ಕರೆದುಕೊಂಡು ಹೊಳಲ್ಕೆರೆಗೆ ಹೋದೆ. ಎಂಜಿನ್ ತಣ್ಣಗಿತ್ತು. ಏಳೆಂಟು ಸಲ ಹೊಡೆದ ಮೇಲೆ ಹತ್ತಿತು, ಅಂಗಳವೆಲ್ಲ ಬಿಳಿ ಹೊಗೆಯಾಯಿತು. ಮೀಟರ್ ಇಟ್ಟು ನೋಡಿದರೆ ಮೂರರಲ್ಲಿ ಎರಡು ಹೀಟರ್ ಪ್ಲಗ್ ಸತ್ತಿದ್ದವು. ಬಿಸಿಯಾದ ಮೇಲೆ ಮುಚ್ಚಳವನ್ನು ತಿರುಗಿಸಿ ಇಟ್ಟೆವು. ಅದು ಅಲುಗಿತು, ಆದರೆ ಬೀಳಲಿಲ್ಲ. ಅವರ ಹಿತ್ತಲಿನಲ್ಲಿ ರೋಟವೇಟರ್ ಇಳಿಸಿ ಓಡಿಸಿದಾಗ ನೀಲಿ ಹೊಗೆ ತೆಳುವಾಗಿಯೇ ಉಳಿಯಿತು. ಬಲಗಡೆ ಮುಂದಿನ ಚಕ್ರದ ಆಯಿಲನ್ನು ಕಾಗದದ ಮೇಲೆ ಬೀಳಿಸಿದಾಗ ನಾನು ಉಸಿರು ಹಿಡಿದು ನೋಡಿದೆ. ಕಪ್ಪಗೆ, ಸ್ವಲ್ಪ ನೀರು ಬೆರೆತಿತ್ತು, ಮಿನುಗು ಇರಲಿಲ್ಲ. ಸೀಲ್ ಬಿಚ್ಚಿದಾಗ ಒಳಗೆ ಹಾಳೆಯ ನಾರು ಹುರಿಹಗ್ಗದಂತೆ ಸುತ್ತಿಕೊಂಡಿತ್ತು. ಕ್ಲಚ್ ಮಾತ್ರ ಜಾರುತ್ತಿದೆ. ಅದನ್ನು ಅವರಿಗೂ ತೋರಿಸಿ, ಟಯರಿನ ಲೆಕ್ಕವನ್ನೂ ಹೇಳಿದಾಗ ಬೆಲೆ 1,12,000ಕ್ಕೆ ಇಳಿಯಿತು.

ಮಾತಿನಂತೆ ಹತ್ತು ಸಾವಿರ ಮಾತ್ರ ಮುಂಗಡ ಕೊಟ್ಟಿದ್ದೇನೆ. ಸಂಘದ ಸಾಲ ಎಂದೋ ತೀರಿದೆ, ಪತ್ರ ಕೈಗೆ ಬಂದಿದೆ. ಅವರ ಇಬ್ಬರು ಅಕ್ಕಂದಿರಲ್ಲಿ ಒಬ್ಬರು ಸಹಿ ಮಾಡಿದ್ದಾರೆ, ಇನ್ನೊಬ್ಬರು ಮಂಗಳೂರಿನಲ್ಲಿದ್ದು ಮುಂದಿನ ವಾರ ಬರುತ್ತಾರಂತೆ. ಗಾಡಿ ಅಲ್ಲಿಯವರೆಗೆ ಅವರ ಶೆಡ್ಡಿನಲ್ಲೇ ಇರುತ್ತದೆ. ಕ್ಲಚ್ಚಿನ ಕೆಲಸವನ್ನು ಶಿವಮೊಗ್ಗದಲ್ಲಿ ಮಾಡಿಸಬೇಕೆಂದಿದ್ದೇನೆ, ಉಳಿದದ್ದನ್ನು ಅಂಗಳದಲ್ಲಿ ನಾವೇ ಮಾಡಿಕೊಳ್ಳುತ್ತೇವೆ. ಪಿಟಿಒ ಕೊಳವೆ ಇರಲಿಲ್ಲ, ಅದನ್ನು ಎಲ್ಲಕ್ಕಿಂತ ಮೊದಲು ತರಿಸಿ ಮನೆಯ ಅಟ್ಟದ ಮೇಲಿಟ್ಟಿದ್ದೇನೆ.

ಅಪ್ಪಾಜಿ ಆ ದಿನ ಅವರ ಹಿತ್ತಲಿನಲ್ಲಿ ಎರಡು ಸುತ್ತು ತಾವೇ ಓಡಿಸಿದರು. ಇಳಿದ ಮೇಲೆ ಎರಡೂ ಅಂಗೈಗಳನ್ನು ತೆರೆದು ಒಂದು ಸಲ ನೋಡಿಕೊಂಡು, ಕ್ಲಚ್ ಪೆಡಲ್ ಸ್ವಲ್ಪ ಗಟ್ಟಿಯಿದೆ, ಮೇಸ್ತ್ರಿಗೆ ಹೇಳು ಎಂದರು. ಪ್ಲೇಟಿನ ಜೊತೆ ಪೆಡಲಿನ ಬುಷ್ ಕೂಡ ಬದಲಿಸಬೇಕೇ, ಅಥವಾ ಗ್ರೀಸ್ ಹೊಡೆದು ನೋಡಿದರೆ ಸಾಕೇ ಎಂಬುದನ್ನು ಮೇಸ್ತ್ರಿಯವರು ತಿಳಿಸಿದರೆ ಉಪಕಾರವಾಗುತ್ತದೆ.

ಗ್ಯಾರೇಜು ಮೇಸ್ತ್ರಿ, ಶಿವಮೊಗ್ಗ

ಮೊದಲು ಗ್ರೀಸ್ ಹೊಡೆದು ಎರಡು ದಿನ ಬಿಡಿ. ಗಾಡಿ ಬಿಚ್ಚಿದಾಗ ಪೆಡಲಿನ ಪಿನ್ನನ್ನು ಹೊರಗೆ ತೆಗೆದು ಉಗುರು ಆಡಿಸಿ ನೋಡಿ, ಸವೆದು ಮೆಟ್ಟಿಲಿನಂತೆ ಉಗುರಿಗೆ ಸಿಕ್ಕಿದರೆ ಪಿನ್ನು ಮತ್ತು ಬುಷ್ ಎರಡನ್ನೂ ಹಾಕಿಸಿ. ಜೋಡಿಸಿದ ಮೇಲೆ ಪೆಡಲಿಗೆ ಮ್ಯಾನ್ಯುಯಲ್ಲಿನಲ್ಲಿ ಹೇಳಿದಷ್ಟು ಆಟ, ಅಂದರೆ ಕ್ಲಚ್ ಹಿಡಿಯುವ ಮೊದಲಿನ ಸಡಿಲ, ಬಿಟ್ಟಿದ್ದಾರೆಯೇ ಎಂದು ನಿಂತು ನೋಡಿಕೊಳ್ಳಿ. ಆಟವೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ತಿರುಗುತ್ತಾ ಹೊಸ ಪ್ಲೇಟನ್ನೂ ಸುಡುತ್ತದೆ.